ವಾದ ಮಾಡಿಕೊಂಡೇ ಉಳಿದ ಗೆಳೆತನ

ಕೇಳುಗರಿಗೆ ನಮಸ್ಕಾರ.

ಹೌದಪ್ಪನ ಚಾವಡಿಯಲ್ಲಿ ಹೌದಪ್ಪ, ಅಲ್ಲಪ್ಪನ ಚಾವಡಿಯಲ್ಲಿ ಅಲ್ಲಪ್ಪ ಅನ್ನುವವರು ನಮಗೆಲ್ಲ ಬೇಗ ಗೆಳೆಯರಾಗಿಬಿಡುತ್ತಾರೆ. ಅಂಥವರ ಜತೆ ಕೂತರೆ ಹಿತವಾಗಿಯೂ ಇರುತ್ತದೆ, ಅಲ್ವಾ? ಆದರೆ ನಾನಿವತ್ತು ಹೇಳುವುದು, ಕೊನೆಯವರೆಗೂ ವಾದ ಮಾಡಿಕೊಂಡೇ ಗೆಳೆಯರಾಗಿ ಉಳಿದ ಇಬ್ಬರ ವಿಷಯ. ಗಾಂಧೀಜಿ ಮತ್ತು ರವೀಂದ್ರನಾಥ ಟಾಗೋರರು.

ಇಬ್ಬರೂ ಭೇಟಿಯಾದದ್ದು 1915ರ ಮಾರ್ಚ್‌ನಲ್ಲಿ, ಬಂಗಾಳದಲ್ಲಿ ಟಾಗೋರರು ನಡೆಸುತ್ತಿದ್ದ ಶಾಲೆ ಶಾಂತಿನಿಕೇತನದಲ್ಲಿ. ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿಯ ಫೀನಿಕ್ಸ್ ಆಶ್ರಮದ ಹುಡುಗರಿಗೆ ಟಾಗೋರರು ಅದಕ್ಕೂ ಮೊದಲೇ ಅಲ್ಲಿ ಜಾಗ ಕೊಟ್ಟಿದ್ದರು. ಅತಿಥಿಯಾಗಿ ಬಂದ ಗಾಂಧೀಜಿ ಸುಮ್ನೆ ಕೂರಲಿಲ್ಲ. ಅಡುಗೆಯವರು ಯಾಕೆ, ನೀವೇ ಬೇಯಿಸಿಕೊಳ್ಳಿ ಎಂದು ಹುಡುಗರಿಗೂ ಮೇಷ್ಟ್ರುಗಳಿಗೂ ಹೇಳಿದರು. ಬೇರೆ ಯಾರಾದರೂ ಆಗಿದ್ದರೆ, ನಮ್ಮ ಮನೆಗೆ ಬಂದು ನಮಗೇ ಪಾಠವೇ ಅನ್ನುತ್ತಿದ್ದರು. ಟಾಗೋರರು ಒಪ್ಪಿಕೊಂಡರು. ಆ ಪ್ರಯೋಗ ಜಾಸ್ತಿ ದಿನ ನಡೆಯಲಿಲ್ಲ. ಆದರೂ ಅದರ ನೆನಪಿಗೆ ಪ್ರತಿ ಮಾರ್ಚ್ 10ರಂದು ಅಲ್ಲಿ ವಿದ್ಯಾರ್ಥಿಗಳೇ ಪೊರಕೆ ಹಿಡಿಯುತ್ತಾರೆ.

1921ರಲ್ಲಿ ಮಾತು ಬಿಸಿಯಾಯಿತು. ಬಟ್ಟೆಯಿಲ್ಲದವರಿರುವ ನಾಡಿನಲ್ಲಿ ವಿದೇಶಿ ಬಟ್ಟೆ ಸುಡುವುದು ಟಾಗೋರರಿಗೆ ಹಿಡಿಸಲಿಲ್ಲ. ಬರೆದು ಹೇಳಿದರು. ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಒಪ್ಪಲಿಲ್ಲ, ಆದರೆ ಟಾಗೋರರನ್ನು ದೊಡ್ಡ ಕಾವಲುಗಾರ ಎಂದು ಕರೆದರು. ನಾಲ್ಕು ವರ್ಷದ ಮೇಲೆ ಚರಕದ ವಿಚಾರದಲ್ಲಿ ಮತ್ತೆ ಅದೇ ಕಥೆ.

ನನಗೆ ಬಹಳ ಮೆಚ್ಚುಗೆಯಾಗುವುದು 1934ರ ಸಂಗತಿ. ಜನವರಿ 15ರಂದು ಬಿಹಾರದಲ್ಲಿ ಭಾರಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು ಗಾಂಧೀಜಿ. ಟಾಗೋರರಿಗೆ ತಡೆಯಲಾಗಲಿಲ್ಲ. ಅಸ್ಪೃಶ್ಯತೆ ಹೋಗಬೇಕು ಅನ್ನುವುದರಲ್ಲಿ ಇಬ್ಬರದೂ ಒಂದೇ ಮನಸ್ಸು. ಆದರೆ ನೆಲ ನಡುಗುವುದಕ್ಕೂ ಮನುಷ್ಯರ ಪಾಪಕ್ಕೂ ಗಂಟು ಹಾಕಿದರೆ ಜನರ ಬುದ್ಧಿ ಮಂಕಾಗುತ್ತದೆ ಎಂಬುದು ಅವರ ತಕರಾರು. ಅದನ್ನು ಬರೆದು, ನೀವು ನಿಜವಾಗಿ ಹೀಗೆ ಹೇಳಿದ್ದೀರಾ ಎಂದು ಕೇಳಿ, ಮೊದಲು ಗಾಂಧೀಜಿಗೇ ಕಳಿಸಿದರು. ಗಾಂಧೀಜಿ ಅದನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದರು! ಜತೆಗೆ ತಮ್ಮ ಉತ್ತರವನ್ನೂ ಕೊಟ್ಟರು. ತಮ್ಮ ನಂಬಿಕೆ ಮಾತ್ರ ಬಿಡಲಿಲ್ಲ. ವಿಷಯದ ಮಟ್ಟಿಗೆ ನಾನು ಟಾಗೋರರ ಕಡೆ. ಆದರೆ ತನ್ನ ವಿರುದ್ಧದ ಮಾತನ್ನು ತಾನೇ ಊರಿಗೆಲ್ಲ ಹಂಚಿದ ದೊಡ್ಡತನಕ್ಕೆ ಏನು ಹೇಳೋಣ? ಈಗ ವಾಟ್ಸಾಪ್ ಗುಂಪಿನಲ್ಲಿ ಒಂದು ರಾಜಕೀಯದ ಮಾತಿಗೆ ಕಾಲೇಜಿನ ಕಾಲದ ಗೆಳೆತನಗಳೇ ಮುರಿಯುತ್ತವೆ.

ಇಷ್ಟೆಲ್ಲ ವಾದದ ನಡುವೆ ಕಷ್ಟ ಬಂದಾಗ ಇಬ್ಬರೂ ಹೇಗಿದ್ದರು ನೋಡಿ. 1932ರ ಸೆಪ್ಟೆಂಬರ್‌ನಲ್ಲಿ ಯೆರವಡಾ ಜೈಲಿನಲ್ಲಿ ಗಾಂಧೀಜಿ ಉಪವಾಸ ಕೂತಿದ್ದರು. ಎಪ್ಪತ್ತೊಂದರ ಟಾಗೋರರು ಬಂಗಾಳದಿಂದ ಪುಣೆಯವರೆಗೆ ಬಂದರು. ಉಪವಾಸ ಮುಗಿದ ದಿನ ಅಲ್ಲೇ ಕೂತು ತಮ್ಮದೊಂದು ಹಾಡು ಹಾಡಿದರು. 1936ರಲ್ಲಿ ಅದೇ ಟಾಗೋರರು ಶಾಂತಿನಿಕೇತನದಲ್ಲಿ ತಾವು ಕಟ್ಟಿದ ವಿದ್ಯಾಸಂಸ್ಥೆ ವಿಶ್ವಭಾರತಿಗೆ ಹಣ ಕೂಡಿಸಲು ನೃತ್ಯತಂಡ ಕಟ್ಟಿಕೊಂಡು ಊರೂರು ಅಲೆಯುತ್ತಾ ದೆಹಲಿಗೆ ಬಂದಿದ್ದರು. ಈ ವಯಸ್ಸಿನಲ್ಲಿ ಇದು ಬೇಡ ಎಂದ ಗಾಂಧೀಜಿ, ದಾನಿಗಳ ಹೆಸರು ಹೇಳದೆ 60,000 ರೂಪಾಯಿ ಒದಗಿಸಿಕೊಟ್ಟರು.

1940ರ ಫೆಬ್ರವರಿಯಲ್ಲಿ ಗಾಂಧೀಜಿ ಶಾಂತಿನಿಕೇತನದಿಂದ ಹೊರಡುವಾಗ ಟಾಗೋರರು ಅವರ ಕೈಗೊಂದು ಪತ್ರ ಇಟ್ಟರು. ನಾನು ಹೋದ ಮೇಲೆ ವಿಶ್ವಭಾರತಿಯನ್ನು ನೋಡಿಕೊಳ್ಳಿ ಎಂದು ಅದರಲ್ಲಿ ಕೇಳಿಕೊಂಡಿದ್ದರು. ಮರುವರ್ಷ ಟಾಗೋರರು ತೀರಿಕೊಂಡರು. ಗಾಂಧೀಜಿ ಆ ಪತ್ರವನ್ನು ಮೌಲಾನಾ ಆಜಾದರಿಗೆ ಒಪ್ಪಿಸಿದ್ದರು. ಆಜಾದರು ಶಿಕ್ಷಣ ಮಂತ್ರಿಯಾಗಿದ್ದ 1951ರಲ್ಲಿ ವಿಶ್ವಭಾರತಿ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು.

ನಮಸ್ಕಾರ.