ಹಡಗು ಹತ್ತಿದವರು

ಕೇಳುಗರಿಗೆ ನಮಸ್ಕಾರ.

1796ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ಅಮೆರಿಕದ ಅಧ್ಯಕ್ಷರ ಮನೆಯಿಂದ ಓನಿ ಜಡ್ಜ್ ಎಂಬ ಹುಡುಗಿ ಓಡಿಹೋಗಿದ್ದಾಳೆ. ವಯಸ್ಸು ಸುಮಾರು 20. ಮುಖದ ಮೇಲೆ ಚುಕ್ಕೆಗಳು, ಕಡುಗಪ್ಪು ಕಣ್ಣು, ದಟ್ಟ ಗುಂಗುರು ಕೂದಲು. ಹಿಡಿದು ತಂದವರಿಗೆ 10 ಡಾಲರ್ ಬಹುಮಾನ. ಅದರಲ್ಲಿ ಎರಡು ಮಾತು ಗಮನಿಸಬೇಕು. ಅವಳು ಹೀಗೆ ಹೋಗುವುದಕ್ಕೆ ಯಾವ ಕಾರಣವೂ ಇರಲಿಲ್ಲ ಎನ್ನುವುದು ಒಂದು. ನೀರಿನ ದಾರಿಯಲ್ಲಿ ತಪ್ಪಿಸಿಕೊಂಡಾಳು, ಹಡಗಿನ ಕಪ್ತಾನರು ಅವಳನ್ನು ಹತ್ತಿಸಿಕೊಳ್ಳಬಾರದು ಎನ್ನುವುದು ಇನ್ನೊಂದು. ಪ್ರಯಾಣದ ಖರ್ಚಿಗೆ ಅವಳ ಹತ್ತಿರ ದುಡ್ಡಿದೆಯಂತೆ ಎಂದೂ ಸೇರಿಸಿದ್ದರು.

ಆ ಅಧ್ಯಕ್ಷರು ಯಾರು ಗೊತ್ತಾಯ್ತಲ್ಲ? ಜಾರ್ಜ್ ವಾಷಿಂಗ್ಟನ್. ಓನಿ ಅವರ ಮನೆಯ ಗುಲಾಮಳು.

ಆಫ್ರಿಕಾದ ಜನರನ್ನು ಸರಕಿನಂತೆ ತುಂಬಿ ತಂದದ್ದು ಸಮುದ್ರದ ಮೇಲೆಯೇ. ತಪ್ಪಿಸಿಕೊಳ್ಳುವ ದಾರಿಯೂ ಅದೇ ಆಗಬಹುದು ಎಂಬ ಭಯ ಒಡೆಯರಿಗೆ ಯಾವಾಗಲೂ ಇತ್ತು. ನೆಲದ ಮೇಲೆ ಓಡಿದರೆ ದಾರಿಯಲ್ಲಿ ಯಾರು ಬೇಕಾದರೂ ತಡೆದು ಒಡೆಯನ ಅಪ್ಪಣೆ ಚೀಟಿ ಕೇಳುತ್ತಿದ್ದರು. ಬಂದರಿನಲ್ಲಿ ಹಾಗಲ್ಲ. ಅಲ್ಲಿ ಕಪ್ಪು ನಾವಿಕರಿದ್ದರು, ಕೂಲಿಗಳಿದ್ದರು, ಸುದ್ದಿ ಇತ್ತು. ಗಂಡಸಾದರೆ ನಾವಿಕನ ಕೆಲಸ ಹಿಡಿದೇ ದಾಟಿಬಿಡಬಹುದಿತ್ತು. ಹೆಂಗಸಿಗೆ ಆ ದಾರಿ ಇರಲಿಲ್ಲ. ಯಾರಾದರೂ ಕರೆದುಕೊಂಡು ಹೋಗಬೇಕು, ಆಮೇಲೆ ಬಾಯಿ ಬಿಡದೆ ಇರಬೇಕು.

ಜಾಹೀರಾತಿನ ಓನಿ, ಅಂದರೆ ಓನಾ, ವರ್ಜೀನಿಯಾದಲ್ಲಿ ವಾಷಿಂಗ್ಟನ್ನರ ಮೌಂಟ್ ವರ್ನನ್ ತೋಟದಲ್ಲಿ ಹುಟ್ಟಿದವಳು. ತಾಯಿ ಬೆಟ್ಟಿ ಅಲ್ಲಿ ಬಟ್ಟೆ ಹೊಲಿಯುವ ಗುಲಾಮಳು. ತಂದೆ ಇಂಗ್ಲೆಂಡಿನಿಂದ ಕರಾರಿನ ಮೇಲೆ ಬಂದ ದರ್ಜಿ. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ಕಾನೂನು ಅಷ್ಟೇ. ಓನಾ ಅಧ್ಯಕ್ಷರ ಹೆಂಡತಿ ಮಾರ್ಥಾಗೆ ಬಟ್ಟೆ ತೊಡಿಸುವ, ಹೊಲಿಗೆ ಮಾಡುವ ಕೆಲಸಕ್ಕೆ ಸೇರಿದಳು. ಮನೆಯವರ ಜೊತೆ ಮೊದಲು ನ್ಯೂಯಾರ್ಕಿಗೆ, ಆಮೇಲೆ ಫಿಲಡೆಲ್ಫಿಯಾಕ್ಕೆ ಬಂದಳು.

ಫಿಲಡೆಲ್ಫಿಯಾ ಇರುವುದು ಪೆನ್ಸಿಲ್ವೇನಿಯಾದಲ್ಲಿ. ಅಲ್ಲಿ 1780ರ ಕಾನೂನಿನ ಪ್ರಕಾರ, ಹೊರಗಿನಿಂದ ಬಂದವರು ತಮ್ಮ ಗುಲಾಮರನ್ನು ಆರು ತಿಂಗಳು ಅಲ್ಲೇ ಇಟ್ಟುಕೊಂಡರೆ ಅವರಿಗೆ ಬಿಡುಗಡೆ. ವಾಷಿಂಗ್ಟನ್ ದಂಪತಿ ಏನು ಮಾಡಿದರು? ಆರು ತಿಂಗಳು ತುಂಬುವ ಮೊದಲೇ ಗುಲಾಮರನ್ನು ಸುಮ್ನೆ ಒಮ್ಮೆ ರಾಜ್ಯದ ಗಡಿ ದಾಟಿಸಿ ವಾಪಸ್ ತರುತ್ತಿದ್ದರು. ಲೆಕ್ಕ ಮತ್ತೆ ಒಂದರಿಂದ ಶುರು! ದೇಶದ ಮೊದಲ ಅಧ್ಯಕ್ಷರ ಮನೆಯಲ್ಲಿ ನಡೆದ ಕಣ್ಣುಮುಚ್ಚಾಲೆ ಇದು.

ಮಾರ್ಥಾ ತನ್ನನ್ನು ಮೊಮ್ಮಗಳಿಗೆ ಉಡುಗೊರೆಯಾಗಿ ಕೊಡುತ್ತಾರೆ ಎಂದು ಓನಾಗೆ ತಿಳಿಯಿತು. ಜಾಹೀರಾತಿಗೆ ಕಾಣದ ಕಾರಣ ಇದು. ವರ್ಜೀನಿಯಾಗೆ ಹೊರಡಲು ಮನೆಯಲ್ಲಿ ಗಂಟುಮೂಟೆ ಕಟ್ಟುತ್ತಿದ್ದರು. ಓನಾ ಕೂಡ ಕಟ್ಟುತ್ತಿದ್ದಳು, ತನ್ನದನ್ನು. ನಗರದ ಕಪ್ಪು ಗೆಳೆಯರ ಮನೆಗೆ ಸಾಮಾನು ಮೊದಲೇ ಸಾಗಿಸಿದ್ದಳು. ಮೇ 21ರಂದು ದಂಪತಿ ಊಟಕ್ಕೆ ಕೂತಿದ್ದಾಗ ಹೊರಗೆ ನಡೆದಳು. 'ನ್ಯಾನ್ಸಿ' ಎಂಬ ಹಡಗು ಅವಳನ್ನು ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್ ಬಂದರಿಗೆ ಮುಟ್ಟಿಸಿತು. ಕಪ್ತಾನ ಜಾನ್ ಬೋಲ್ಸ್. ಅವನಿಗೆ ಶಿಕ್ಷೆಯಾದೀತು ಎಂದು ಅವನು ಸಾಯುವ ತನಕ ಅವಳು ಅವನ ಹೆಸರು ಹೇಳಲಿಲ್ಲ.

ಪೋರ್ಟ್ಸ್‌ಮತ್‌ನಲ್ಲಿ ಪರಿಚಯದವರೊಬ್ಬರು ಅವಳನ್ನು ನೋಡಿಬಿಟ್ಟರು. ವಾಷಿಂಗ್ಟನ್ ಖಜಾನೆ ಮಂತ್ರಿಗೆ ಪತ್ರ ಬರೆದರು. ಅವರಿಂದ ಅಲ್ಲಿನ ಸುಂಕದ ಅಧಿಕಾರಿ ಜೋಸೆಫ್ ವಿಪಲ್‌ಗೆ ಸೂಚನೆ ಹೋಯಿತು. ವಿಪಲ್ ಅವಳನ್ನು ಕರೆಸಿ ಮಾತಾಡಿದ. ಯಜಮಾನರು ಸತ್ತ ಮೇಲೆ ಬಿಡುಗಡೆ ಸಿಗುವುದು ಖಚಿತವಾದರೆ ಮರಳುತ್ತೇನೆ ಎಂದಳಂತೆ. ಇಂಥ ಒಪ್ಪಂದ ಸಾಧ್ಯವೇ ಇಲ್ಲ ಎಂದು ವಾಷಿಂಗ್ಟನ್ ಉತ್ತರಿಸಿದರು. ಓಡಿಹೋದವಳಿಗೆ ಬಹುಮಾನ ಕೊಟ್ಟರೆ ನಿಷ್ಠೆಯಿಂದ ಉಳಿದವರು ಏನಂದುಕೊಂಡಾರು ಎಂಬುದು ಅವರ ವಾದ. ಗುಲಾಮಗಿರಿ ನಡೆಸುವವರು ನ್ಯಾಯದ ಮಾತನ್ನೂ ಎಷ್ಟು ನಾಜೂಕಾಗಿ ಆಡಬಲ್ಲರು, ಅಲ್ವಾ?

ಓನಾ ಜ್ಯಾಕ್ ಸ್ಟೇನ್ಸ್ ಎಂಬ ನಾವಿಕನನ್ನು ಮದುವೆಯಾದಳು. 1799ರಲ್ಲಿ ಮಾರ್ಥಾಳ ಸಂಬಂಧಿಯೊಬ್ಬ ಹಿಡಿದುಕೊಂಡು ಹೋಗಲು ಬಂದಾಗಲೂ ತಪ್ಪಿಸಿಕೊಂಡಳು. 1848ರಲ್ಲಿ ತೀರಿಕೊಂಡಳು, ಅಲ್ಲಿಯವರೆಗೂ ಕಾನೂನಿನ ಕಣ್ಣಲ್ಲಿ ಓಡಿಹೋದ ಗುಲಾಮಳೇ.

ಇದು ಅಮೆರಿಕ ಸ್ವತಂತ್ರವಾದ ಮೇಲಿನ ಕಥೆ. ಅದಕ್ಕೂ ನೂರು ವರ್ಷ ಹಿಂದೆ, 1687ರಲ್ಲಿ, ಇಂಗ್ಲಿಷರ ವಸಾಹತಾದ ಕೆರೊಲಿನಾದಿಂದ ತಪ್ಪಿಸಿಕೊಂಡ ಗುಲಾಮರ ಒಂದು ದೋಣಿ ಸ್ಪೇನಿನವರ ಫ್ಲಾರಿಡಾಕ್ಕೆ ಬಂತು. ಎಂಟು ಗಂಡಸರು, ಇಬ್ಬರು ಹೆಂಗಸರು, ಇನ್ನೂ ತಾಯಿ ಹಾಲು ಬಿಡದ ಒಂದು ಮಗು. ಅಲ್ಲಿನ ಸೇಂಟ್ ಅಗಸ್ಟೀನ್ ಊರಿನ ಗವರ್ನರ್ ಅವರಿಗೆ ಆಸರೆ ಕೊಟ್ಟ. ಗಂಡಸರಿಗೆ ಕೋಟೆ ಕಟ್ಟುವ, ಕಮ್ಮಾರಿಕೆಯ ಕೆಲಸ. ಹೆಂಗಸರಿಗೆ ಗವರ್ನರನ ಮನೆಗೆಲಸ, ಅದೂ ಸಂಬಳಕ್ಕೆ. ಮುಂದಿನ ವರ್ಷ ಕೆರೊಲಿನಾದಿಂದ ಮೇಜರ್ ಡನ್ಲಪ್ ಬಂದು ವಾಪಸ್ ಕೊಡಿ ಎಂದ. ಇವರು ಕ್ಯಾಥೊಲಿಕರಾಗಿದ್ದಾರೆ, ಮದುವೆಯಾಗಿದ್ದಾರೆ, ಕೊಡುವುದಿಲ್ಲ ಎಂದ ಗವರ್ನರ್. 1693ರಲ್ಲಿ ಸ್ಪೇನಿನ ದೊರೆ ಹೀಗೆ ಬಂದವರಿಗೆಲ್ಲ, ಗಂಡಸರಿಗೂ ಹೆಂಗಸರಿಗೂ, ಬಿಡುಗಡೆ ಘೋಷಿಸಿದ. ದೊರೆಯ ಕರುಣೆ ಎಂದು ಜಾಸ್ತಿ ಹೊಗಳಬೇಕಿಲ್ಲ. ಸ್ಪೇನಿನ ವಸಾಹತುಗಳಲ್ಲೂ ಗುಲಾಮರಿದ್ದರು. ಇಂಗ್ಲಿಷರಿಗೆ ನಷ್ಟ ಮಾಡುವ ಲೆಕ್ಕಾಚಾರವೂ ಅದರಲ್ಲಿತ್ತು. ಆದರೆ ಆ ಲೆಕ್ಕಾಚಾರಕ್ಕೆ ದಾರಿ ತೋರಿಸಿದ್ದು ಕೈಮಗುವಿನ ಜೊತೆ ದೋಣಿ ಹತ್ತಿದವರು.

ಕೆಲವರಿಗೆ ಸಮುದ್ರ ಒಂದೇ ಕಡೆಗೆ ತೆರೆಯುವ ಬಾಗಿಲಾಗಿತ್ತು. ಮೇರಿ ಪ್ರಿನ್ಸ್ ಅಂಥವಳು.

ಅವಳು ಹುಟ್ಟಿದ್ದು ಬ್ರಿಟಿಷರ ಬರ್ಮುಡಾ ದ್ವೀಪದಲ್ಲಿ, ಸುಮಾರು 1788ರಲ್ಲಿ. ಚಿಕ್ಕವಳಿದ್ದಾಗಲೇ ಸಂತೆಯಲ್ಲಿ ಹರಾಜಾದಳು. ಟರ್ಕ್ಸ್ ದ್ವೀಪದ ಉಪ್ಪಿನ ಹೊಂಡಗಳಲ್ಲಿ ಬೆಳಗಿನ ಜಾವದಿಂದ ಉಪ್ಪುನೀರಲ್ಲಿ ನಿಂತು ದುಡಿದಳು. ಕಾಲಿನ ಹುಣ್ಣು ಮೂಳೆ ಮುಟ್ಟುತ್ತಿತ್ತು ಎಂದು ಅವಳೇ ಹೇಳಿದ್ದಾಳೆ. ಆಮೇಲೆ ಬ್ರಿಟಿಷರದೇ ಆದ ಆಂಟಿಗುವಾ ದ್ವೀಪದ ಜಾನ್ ವುಡ್ ಎಂಬವನ ಮನೆ ಸೇರಿದಳು. ಅಲ್ಲಿ ಬಟ್ಟೆ ಒಗೆದು, ಹಡಗಿನ ಕಪ್ತಾನರಿಗೆ ಕಾಫಿ, ಗೆಣಸು ಮಾರಿ ಪುಡಿಗಾಸು ಕೂಡಿಟ್ಟಳು. ಕೆಲವು ಸಲ ಹಡಗಿನಲ್ಲಿ ಅಗ್ಗಕ್ಕೆ ಹಂದಿ ಕೊಂಡು ದಡದಲ್ಲಿ ಎರಡರಷ್ಟು ಬೆಲೆಗೆ ಮಾರುತ್ತಿದ್ದಳು. ನನಗೆ ಮೇರಿ ಇಷ್ಟವಾಗುವುದು ಈ ವ್ಯಾಪಾರದ ಚುರುಕಿಗೆ. ಆ ಹಣದಿಂದ ತನ್ನನ್ನು ತಾನೇ ಕೊಂಡುಕೊಳ್ಳಲು ನೋಡಿದಳು. ವುಡ್ ಒಪ್ಪಲಿಲ್ಲ. 1826ರಲ್ಲಿ ಅವಳು ಡೇನಿಯಲ್ ಜೇಮ್ಸ್ ಎಂಬ ಸ್ವತಂತ್ರ ಬಡಗಿಯನ್ನು ಮದುವೆಯಾದಳು. ಕೇಳದೆ ಮದುವೆಯಾದದ್ದಕ್ಕೆ ಚಾಟಿ ಏಟು ತಿಂದಳು.

1828ರಲ್ಲಿ ವುಡ್ ದಂಪತಿ ಅವಳನ್ನು ಲಂಡನ್ನಿಗೆ ಕರೆದುಕೊಂಡು ಹೋದರು. ಸಂಧಿವಾತದಿಂದ ಮೈಯೆಲ್ಲ ನೋವು, ಆದರೂ ರಾಶಿ ಬಟ್ಟೆ ಒಗೆಯಬೇಕು. ಮಾತಿಗೆ ಮಾತು ಬೆಳೆದಾಗಲೆಲ್ಲ ಇಷ್ಟವಿಲ್ಲದಿದ್ದರೆ ಹೊರಟುಹೋಗು ಎನ್ನುತ್ತಿದ್ದರು. ಗುರುತಿಲ್ಲದ ಊರು, ಎಲ್ಲಿಗೆ ಹೋದಾಳು ಎಂಬ ಧೈರ್ಯ ಅವರಿಗೆ. ಒಂದು ದಿನ ಮೇರಿ ಹೋಗಿಯೇಬಿಟ್ಟಳು.

ಇಂಗ್ಲೆಂಡಿನ ನೆಲದಿಂದ ಗುಲಾಮರನ್ನು ಬಲವಂತವಾಗಿ ಹೊರಗೆ ಸಾಗಿಸುವಂತಿಲ್ಲ ಎಂದು 1772ರಲ್ಲೇ ತೀರ್ಪಾಗಿತ್ತು. ಹಾಗಾಗಿ ಲಂಡನ್ನಿನಲ್ಲಿ ಅವಳು ಸ್ವತಂತ್ರಳು. ಗಂಡ ಮಾತ್ರ ಆಂಟಿಗುವಾದಲ್ಲಿ. ಅಲ್ಲಿಗೆ ಹಡಗು ಹತ್ತಿದರೆ? ಅದಕ್ಕೂ ತೀರ್ಪು ಬಂದಿತ್ತು. ಆಂಟಿಗುವಾದವಳೇ ಆದ ಗ್ರೇಸ್ ಎಂಬ ಹೆಂಗಸು ಇಂಗ್ಲೆಂಡಿಗೆ ಬಂದು, ಯಜಮಾನಿಯ ಜೊತೆ ಮರಳಿ ಹೋಗಿದ್ದಳು. ಮರಳಿದ್ದರಿಂದ ಅವಳು ಮತ್ತೆ ಗುಲಾಮಳೇ ಎಂದು 1827ರಲ್ಲಿ ನ್ಯಾಯಾಧೀಶ ಲಾರ್ಡ್ ಸ್ಟೋವೆಲ್ ಹೇಳಿದ್ದರು. ಲಂಡನ್ನಿನಲ್ಲಿದ್ದರೆ ಬಿಡುಗಡೆ ಉಂಟು, ಗಂಡನಿಲ್ಲ. ಆಂಟಿಗುವಾಕ್ಕೆ ಹೋದರೆ ಗಂಡ ಉಂಟು, ಬಿಡುಗಡೆಯಿಲ್ಲ.

ಗುಲಾಮಗಿರಿ ವಿರೋಧಿ ಸಂಘದವರು ವುಡ್ ಹತ್ತಿರ ಬಿಡುಗಡೆಯ ಪತ್ರ ಕೇಳಿದರು. ಹಣ ಕೊಡುತ್ತೇವೆ ಎಂದರೂ ಅವನು ಬಗ್ಗಲಿಲ್ಲ. 1829ರಲ್ಲಿ ಮೇರಿಯ ಪರವಾಗಿ ಪಾರ್ಲಿಮೆಂಟಿಗೆ ಅರ್ಜಿ ಹೋಯಿತು. 1831ರಲ್ಲಿ ಅವಳು ಹೇಳಿ ಬರೆಸಿದ ಬದುಕಿನ ಕಥೆ ಅಚ್ಚಾಯಿತು. ಕಥೆಯೆಲ್ಲ ಸುಳ್ಳು ಎಂದು ಗುಲಾಮಗಿರಿಯ ಪರ ಇದ್ದವರು ಗುಲ್ಲೆಬ್ಬಿಸಿದರು. ಅವಳ ನಡತೆಯ ಮೇಲೂ ಕೆಸರು ಎರಚಿದರು. ವಿಷಯ ಕೋರ್ಟಿಗೆ ಹೋಯಿತು, 1833ರಲ್ಲಿ ಮೇರಿ ಸಾಕ್ಷಿ ಹೇಳಿದಳು.

ಅದೇ ವರ್ಷ ಪಾರ್ಲಿಮೆಂಟು ಗುಲಾಮಗಿರಿ ರದ್ದು ಮಾಡುವ ಕಾಯಿದೆ ತಂದಿತು. ಬ್ರಿಟಿಷರ ಹೆಚ್ಚಿನ ವಸಾಹತುಗಳಲ್ಲಿ ಬಿಡುಗಡೆಯಾದವರು ಇನ್ನೂ ಕೆಲವು ವರ್ಷ ಹಳೆಯ ಒಡೆಯನ ಬಳಿಯೇ ದುಡಿಯಬೇಕು ಎಂಬ ಷರತ್ತಿತ್ತು. ಆಂಟಿಗುವಾದ ಶಾಸನಸಭೆ ಆ ಷರತ್ತು ಬೇಡ ಎಂದಿತು. ಅಲ್ಲಿ 1834ರ ಆಗಸ್ಟ್ 1ಕ್ಕೆ ಒಂದೇ ಏಟಿಗೆ ಪೂರ್ತಿ ಬಿಡುಗಡೆಯಾಯಿತು. ವುಡ್ ಕೊನೆತನಕ ಕೊಡದೆ ಹಿಡಿದಿಟ್ಟುಕೊಂಡ ಕಾಗದಕ್ಕೆ ಆ ದಿನದಿಂದ ಯಾವ ಬೆಲೆಯೂ ಉಳಿಯಲಿಲ್ಲ.

ನಮಸ್ಕಾರ.