ಎರೆ ಮಣ್ಣಿನಲ್ಲಿ ಮನೆ: ಪೈಲ್‌ಗೆ ಕೆಳಗೊಂದು ಗಡ್ಡೆ ಯಾಕೆ?

(ದೃಶ್ಯ: ಬೇಸಿಗೆಯ ಎರೆ ಹೊಲ. ಬಿರುಕಿನೊಳಗೆ ಕೋಲು ಇಳಿಯುತ್ತಿದೆ.)

ನಮಸ್ಕಾರ. ಗದಗ, ವಿಜಯಪುರದ ಕಡೆಯವರಿಗೆ ಈ ಬಿರುಕು ಹೊಸದೇನಲ್ಲ. ಮಳೆ ಬಿತ್ತೋ, ಇದೇ ಮಣ್ಣು ನೀರು ಕುಡಿದು ಉಬ್ಬುತ್ತದೆ. ಜೋಳಕ್ಕೆ, ಕಡಲೆಗೆ ಬಂಗಾರದಂಥ ನೆಲ. ಮನೆ ಕಟ್ಟುವವರಿಗೆ ತಲೆನೋವು. ಪಾಯ ಮೇಲೆ ಕೆಳಗೆ ಆಡಿ, ಕಿಟಕಿ ಮೂಲೆಯಿಂದ ಗೋಡೆ ಓರೆಯಾಗಿ ಸೀಳುತ್ತದೆ.

ಮೇಲಿನ ಮಣ್ಣನ್ನು ನಂಬದೆ ಭಾರವನ್ನು ಆಳಕ್ಕೆ ದಾಟಿಸುವ ಕಂಬವೇ ಪೈಲ್. ಕೆಳಗಿನ ಬಂಡೆಯ ಮೇಲೆ ಕಾಲೂರಿದರೆ ಎಂಡ್ ಬೇರಿಂಗ್. ಬಂಡೆ ಸಿಗದೆ, ಸುತ್ತಲಿನ ಮಣ್ಣಿನ ಹಿಡಿತದಲ್ಲೇ ನಿಂತರೆ ಫ್ರಿಕ್ಷನ್. ಎಷ್ಟೋ ಪೈಲ್‌ಗಳು ಎರಡನ್ನೂ ಮಾಡುತ್ತವೆ.

ತಯಾರಾದ ಪೈಲನ್ನು ಸುತ್ತಿಗೆಯಿಂದ ಬಡಿದು ಇಳಿಸಬಹುದು. ಆದರೆ ಊರೊಳಗೆ ಬಡಿದರೆ ಪಕ್ಕದ ಮನೆಯೂ ನಡುಗುತ್ತದೆ, ಅಲ್ವಾ? ಅದಕ್ಕೇ ನಗರಗಳಲ್ಲಿ ಗುಂಡಿ ಕೊರೆದು ಕಾಂಕ್ರೀಟ್ ತುಂಬುವುದೇ ಜಾಸ್ತಿ. ಗುಂಡಿಯ ಗೋಡೆ ಕುಸಿಯುವಂತಿದ್ದರೆ ಬೆಂಟೋನೈಟ್ ಅನ್ನೋ ಜೇಡಿ ಕಲಸಿದ ನೀರು ತುಂಬಿರುತ್ತಾರೆ. ತಳದವರೆಗೆ ಇಳಿಸಿದ ಉದ್ದ ಕೊಳವೆಯಿಂದ, ಅಂದರೆ ಟ್ರೆಮಿ ಪೈಪ್‌ನಿಂದ, ತಳಕ್ಕೇ ಕಾಂಕ್ರೀಟ್ ಬಿಟ್ಟರೆ, ಅದು ಆ ರಾಡಿಯನ್ನು ಮೇಲಕ್ಕೆ ತಳ್ಳುತ್ತಾ ಏರುತ್ತದೆ. ರಾಡಿ ಬೆರೆತ ಮೇಲ್ತುದಿಯನ್ನು ಆಮೇಲೆ ಒಡೆದು ತೆಗೆಯುತ್ತಾರೆ. ನೋಡಿದವರು ‘ಹಾಕಿದ್ದನ್ನ ಸುಮ್ನೆ ಯಾಕೆ ಒಡೀತಾರೆ’ ಅಂತಾರೆ. ಸುಮ್ನೆ ಅಲ್ಲ.

(ದೃಶ್ಯ: ಅಂಡರ್ ರೀಮ್ಡ್ ಪೈಲ್‌ನ ಚಿತ್ರ.)

ಎರೆಯಲ್ಲಿ ಸಮಸ್ಯೆ ಬೇರೆ. ಉಬ್ಬುವ ಮಣ್ಣು ಪೈಲನ್ನು ಹಿಡಿದು ಮೇಲಕ್ಕೆಳೆಯುತ್ತದೆ. ನೇರ ಕಂಬವಾದರೆ ಮೂಲಂಗಿ ಕಿತ್ತ ಹಾಗೆ. ತುದಿಯಲ್ಲಿ ಗಡ್ಡೆ ಇದ್ದರೆ? ಅಷ್ಟು ಸುಲಭಕ್ಕೆ ಬರುವುದಿಲ್ಲ. ಇದೇ ಅಂಡರ್ ರೀಮ್ಡ್ ಪೈಲ್. ನಮ್ಮಲ್ಲಿ ಇದನ್ನು ಬೆಳೆಸಿದ್ದು ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ.

ಮೊದಲು ಆಗರ್‌ನಿಂದ, ಅಂದರೆ ತಿರುಗಿಸಿ ಮಣ್ಣು ಕೊರೆಯುವ ಬೈರಿಗೆಯಿಂದ, ನೇರ ಗುಂಡಿ. ಎರೆ ಆಳವಾಗಿದ್ದರೆ ಕಡಿಮೆ ಅಂದರೂ 3.5 ಮೀಟರ್. ಅಷ್ಟು ಕೆಳಗೆ ಮಳೆ, ಬಿಸಿಲಿನ ಆಟ ಹೆಚ್ಚು ತಟ್ಟುವುದಿಲ್ಲ. ಆಮೇಲೆ ಕೀಲಿರುವ ಅಲಗುಗಳ ಉಪಕರಣ ಇಳಿಸುತ್ತಾರೆ. ಮೇಲಿಂದ ಒತ್ತಿ ತಿರುಗಿಸಿದರೆ ಅಲಗು ಕೊಡೆಯಂತೆ ಬಿಚ್ಚಿಕೊಂಡು ಮಣ್ಣು ಕೆರೆಯುತ್ತದೆ. ಮಣ್ಣು ಕೆಳಗಿನ ಬಕೆಟ್‌ಗೆ ಬೀಳುತ್ತದೆ. ಎತ್ತಿದರೆ ಅಲಗು ಮಡಚಿಕೊಳ್ಳುತ್ತದೆ. ಗಡ್ಡೆಯ ಅಗಲ ಸಾಮಾನ್ಯವಾಗಿ ಕಂಬದ 2.5 ಪಟ್ಟು. 30 ಸೆಂಟಿಮೀಟರ್ ಕಂಬಕ್ಕೆ 75 ಸೆಂಟಿಮೀಟರ್ ಗಡ್ಡೆ. ಕಂಬಿ ಕೇಜ್ ಇಳಿಸಿ, ಕಾಂಕ್ರೀಟ್ ತುಂಬಿದರೆ ಪೈಲ್ ಸಿದ್ಧ.

(ದೃಶ್ಯ: ಬೀಮಿನ ತಳ, ಹತ್ತಿರದಿಂದ.)

ಪೈಲ್ ತಲೆಗಳ ಮೇಲೆ ಬೀಮ್ ಕೂರುತ್ತದೆ. ಅದರ ತಳಕ್ಕೂ ನೆಲಕ್ಕೂ ನಡುವೆ ಕನಿಷ್ಠ 80 ಮಿಲಿಮೀಟರ್ ಸಂದು ಕಾಣ್ತಿದೆಯಾ? ಉಬ್ಬುವ ಮಣ್ಣಿಗೆ ಬಿಟ್ಟ ಜಾಗ ಅದು. ‘ಹೆಗ್ಗಣ ಸೇರ್ತಾವ್ರೀ’ ಅಂತ ಯಾರಾದರೂ ಅಲ್ಲಿ ಮಣ್ಣು ಗಿಡಿಯಲು ಬಂದರೆ ತಡೆಯಿರಿ. ಗಿಡಿದರೆ, ಮುಂದಿನ ಮಳೆಗೆ ಎರೆ ಆ ಬೀಮನ್ನೇ ಎತ್ತುತ್ತದೆ.