ಏಳು ಸೆಂಟಿಮೀಟರ್ ಮೂಳೆ

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಸಲ ಸೊಂಟದ ಮೇಲೆ ಕೈಯಿಟ್ಟು ನೋಡಿ. ಗಟ್ಟಿಯಾದ ಒಂದು ಅಂಚು ಸಿಗುತ್ತದೆ, ಅಲ್ವಾ? ಅದು ಸೊಂಟದ ಮೂಳೆ. ಅದರೊಳಗಿನ ಮಜ್ಜೆಯ ಬಗ್ಗೆಯೇ ಇವತ್ತಿನ ಮಾತು.

ಮೂಳೆ ಮುರಿದರೆ ಸಾಮಾನ್ಯವಾಗಿ ತಾನೇ ಕೂಡಿಕೊಳ್ಳುತ್ತದೆ. ಪ್ಲಾಸ್ಟರ್ ಹಾಕಿ ಅಲುಗಾಡದಂತೆ ಇಟ್ಟರೆ ಎಷ್ಟೋ ಸಲ ಅಷ್ಟೇ ಸಾಕು. ಆದರೆ ಅಪಘಾತದಲ್ಲಿ ಮೂಳೆಯ ಒಂದು ತುಂಡೇ ಹೋಗಿಬಿಟ್ಟರೆ? ಕೀವಾಗಿ ಕೊಳೆತ ಭಾಗವನ್ನು ಡಾಕ್ಟರೇ ಕತ್ತರಿಸಿ ತೆಗೆಯಬೇಕಾದರೆ? ನಾಲ್ಕೈದು ಸೆಂಟಿಮೀಟರಿನ ಅಂಥ ಸಂದು ತಾನಾಗಿ ತುಂಬುವುದು ತೀರಾ ಕಷ್ಟ.

ಹಳೆಯ ದಾರಿಗಳಿವೆ. ಸೊಂಟದ ಮೂಳೆಯಿಂದಲೇ ಚೂರು ತೆಗೆದು ಅಲ್ಲಿ ತುಂಬುತ್ತಾರೆ. ಆದರೆ ಸಿಗುವುದು ಸ್ವಲ್ಪವೇ, ತೆಗೆದ ಜಾಗದ ನೋವು ಕೆಲವರಿಗೆ ಬಹಳ ದಿನ ಉಳಿಯುತ್ತದೆ. ಇನ್ನೊಂದು, ರಷ್ಯಾದ ಕುರ್ಗಾನ್ ಊರಿನ ಡಾಕ್ಟರ್ ಇಲಿಜಾರೊವ್ ತೋರಿಸಿಕೊಟ್ಟದ್ದು. ಕಾಲಿನ ಸುತ್ತ ರಿಂಗ್ ಹಾಕಿ, ದಿನಕ್ಕೆ 1 ಮಿಲಿಮೀಟರಿನಂತೆ ಮೂಳೆಯ ತುಂಡನ್ನು ಸಂದಿನ ಕಡೆಗೆ ಸರಿಸುವುದು. ಅದು ಸರಿದ ಜಾಗದಲ್ಲಿ ಹೊಸ ಮೂಳೆ ಬೆಳೆಯುತ್ತದೆ. ತುಂಬಾ ಒಳ್ಳೆಯ ವಿಧಾನ. ಆದರೆ 7 ಸೆಂಟಿಮೀಟರಿಗೆ ಸರಿಸುವುದಕ್ಕೇ 70 ದಿನ. ಹೊಸ ಮೂಳೆ ಗಟ್ಟಿಯಾಗಲು ಮತ್ತೆ ತಿಂಗಳುಗಟ್ಟಲೆ. ಅಷ್ಟೂ ದಿನ ಆ ಕಂಬಿ ಹೊತ್ತು ಮಲಗಿ ಏಳುವವರ ಕಷ್ಟ ನೋಡಿದರೆ ಬೇರೆ ದಾರಿ ಹುಡುಕಲೇಬೇಕು ಅನಿಸುತ್ತದೆ.

ಇಟಲಿಯಲ್ಲಿ ಹಾಗೆ ಹುಡುಕಿದರು. ಜಿನೋವಾದ ವಿಜ್ಞಾನಿ ರಾನಿಯೇರಿ ಕನ್ಸೆಡ್ಡಾ ಮತ್ತು ಅವರ ಜೊತೆಗಾರರು ರೋಗಿಯ ಸೊಂಟದಿಂದ ಸೂಜಿಯಲ್ಲಿ ಮಜ್ಜೆ ತೆಗೆದರು. ಮೂಳೆ ಕಟ್ಟಬಲ್ಲ ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಜೀವಕೋಶವಾಗಿ ಬೆಳೆಯಬಲ್ಲ ಮೂಲ ಜೀವಕೋಶ, ಅದರಲ್ಲಿ ಬಹಳ ಕಡಿಮೆ. ಹತ್ತು ಸಾವಿರಕ್ಕೋ ಲಕ್ಷಕ್ಕೋ ಒಂದು. ಒಂದು ಚಮಚ ಹೆಪ್ಪಿನಿಂದ ಪಾತ್ರೆ ತುಂಬ ಮೊಸರಾಗುತ್ತದಲ್ಲ, ಹಾಗೆ ಅವನ್ನು ಪ್ರಯೋಗಾಲಯದ ಬೆಚ್ಚಗಿನ ಪೆಟ್ಟಿಗೆಯಲ್ಲಿ ಬೆಳೆಸಿದರು. ಆಮೇಲೆ ಸಂದಿನ ಅಳತೆಗೆ ಸರಿಯಾಗಿ ಸೆರಾಮಿಕ್ ತುಂಡು ಮಾಡಿಸಿದರು. ನಮ್ಮ ಮೂಳೆಯಲ್ಲಿರುವಂಥದೇ ಖನಿಜ ಅದು. ಮುರಿದ ಇಡ್ಲಿಯ ಒಳಗೆ ಕಾಣುವ ಹಾಗೆ ತೂತುತೂತು. ಆ ತೂತುಗಳಿಗೆ ಜೀವಕೋಶ ತುಂಬಿಸಿ, ಮೂಳೆಯ ಎರಡು ತುದಿಗಳ ನಡುವೆ ಕೂರಿಸಿದರು.

2001ರಲ್ಲಿ ಅವರು ಮೂವರ ವಿಷಯ ಪ್ರಕಟಿಸಿದರು. 41 ವರ್ಷದ ಮಹಿಳೆಯ ಕಾಲು, 16ರ ಹುಡುಗಿಯ ಮುಂಗೈ, 22ರ ಯುವಕನ ತೋಳು. ಯುವಕನಿಗೆ ಹೋಗಿದ್ದದ್ದು 7 ಸೆಂಟಿಮೀಟರ್. ಮೂವರ ಕೈಕಾಲೂ ಕೆಲಸಕ್ಕೆ ಬಂದವು. ಆರೇಳು ವರ್ಷದ ನಂತರ ನೋಡಿದಾಗಲೂ ಮೂಳೆ ಗಟ್ಟಿಯಾಗಿಯೇ ಇತ್ತು. ಆ 16ರ ಹುಡುಗಿ ಅಷ್ಟರಲ್ಲಿ ಇಪ್ಪತ್ತು ದಾಟಿದ್ದಳು. ಅದನ್ನು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಹಾಗಾದರೆ ಇದು ಇವತ್ತು ಎಲ್ಲ ಆಸ್ಪತ್ರೆಯಲ್ಲೂ ಯಾಕಿಲ್ಲ? ಮುಖ್ಯ ತೊಡಕು ರಕ್ತದ್ದು. ಕೂದಲೆಳೆಗಿಂತಲೂ ಸಣ್ಣ ರಕ್ತನಾಳದಿಂದ ಮಿಲಿಮೀಟರಿನ ಐದನೇ ಒಂದು ಭಾಗ ದೂರವಾದರೂ ಜೀವಕೋಶಕ್ಕೆ ಉಸಿರು ಸಾಲದು. ದೊಡ್ಡ ತುಂಡಿನ ನಟ್ಟನಡುವೆ ಕೂತ ಜೀವಕೋಶಗಳು, ರಕ್ತನಾಳ ಬೆಳೆದು ತಲುಪುವ ಮೊದಲೇ ಸಾಯುತ್ತವೆ. ಇನ್ನು ಆ ಸೆರಾಮಿಕ್ ಕರಗಲೇ ಇಲ್ಲ, ವರ್ಷಗಳ ನಂತರವೂ ಎಕ್ಸ್‌ರೇಯಲ್ಲಿ ಕಾಣುತ್ತಿತ್ತು. ಜೀವಕೋಶ ಬೆಳೆಸುವ ಖರ್ಚೂ ಜಾಸ್ತಿ.

ಪ್ಯಾರಿಸ್ಸಿನ ಡಾಕ್ಟರ್ ಫಿಲಿಪ್ ಎರ್ನಿಗು ಸರಳ ದಾರಿ ಹಿಡಿದರು. ಮಜ್ಜೆಯನ್ನು ಬೆಳೆಸದೆ, ಸುಮ್ನೆ ಯಂತ್ರದಲ್ಲಿ ಗಿರಗಿರ ತಿರುಗಿಸಿ, ಜೀವಕೋಶ ಒತ್ತೊತ್ತಾಗಿ ಸೇರುವಂತೆ ಮಾಡಿ, ಕೂಡದ ಮುರಿತಕ್ಕೆ ಸೂಜಿಯಲ್ಲಿ ಹಾಕಿದರು. ಇವು ದೊಡ್ಡ ಸಂದುಗಳಲ್ಲ, ನೆನಪಿರಲಿ. 60 ಮಂದಿಯಲ್ಲಿ 53 ಮಂದಿಗೆ ಕೂಡಿತು. ಕೂಡದ ಏಳು ಮಂದಿಗೆ ಹಾಕಿದ ಮಜ್ಜೆಯಲ್ಲಿ ಸ್ಟೆಮ್ ಸೆಲ್ ಕಡಿಮೆ ಇದ್ದವು.

ನಮ್ಮಲ್ಲೂ ಸ್ಟೆಮ್ ಸೆಲ್ ಎಂಬ ಬೋರ್ಡುಗಳು ಕಾಣುತ್ತಿವೆ. ಮನೆಯಲ್ಲಿ ಯಾರಿಗಾದರೂ ಮೂಳೆ ಕೂಡದೆ ಒದ್ದಾಡುತ್ತಿದ್ದರೆ ಮನಸ್ಸು ಅಲ್ಲಿಗೆ ಓಡುವುದು ಸಹಜ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಇಂಥ ಚಿಕಿತ್ಸೆಯನ್ನು ಸಂಶೋಧನೆ ಎಂದೇ ನೋಡುತ್ತದೆ. ಸಂಶೋಧನೆಯ ಖರ್ಚನ್ನು ರೋಗಿಯ ಮೇಲೆ ಹೊರಿಸುವಂತಿಲ್ಲ. ಯಾರಾದರೂ ಲಕ್ಷ ಕೇಳಿದರೆ, ಇದು ನೋಂದಾಯಿತ ಟ್ರಯಲ್ಲಾ, ನೈತಿಕ ಸಮಿತಿಯ ಒಪ್ಪಿಗೆ ಇದೆಯಾ ಎಂದು ಕೇಳಿ. ಕಾಗದ ತೋರಿಸಲಿ. ಅದನ್ನು ನಿಮ್ಮ ಮೂಳೆ ಡಾಕ್ಟರಿಗೆ ತೋರಿಸಿ, ಆಮೇಲೆ ಸಹಿ ಹಾಕಿ.

ನಮಸ್ಕಾರ.